ನಮ್ಮನೆ ಎರೆಯಪ್ಪ

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದು ‘ಮ್ಯಾನೇಜರ್ ಸಾಹೇಬರು’ ಅನ್ನಿಸಿಕೊಂಡಿದ್ದ ನನ್ನ ಗಂಡನಿಗೆ ಈಗ ನಮ್ಮ ಬೀದಿಯಲ್ಲಿ ‘ಎರೆಯಪ್ಪ’ ಅಂತ ಹೆಸರು. ಬೆಲ್ಲ, ಕಾಯಿ ಹಾಕಿ ರುಬ್ಬಿ ಕರಿಯುವ ಎರೆಯಪ್ಪ ಅಂದುಕೊಳ್ಳಬೇಡಿ. ಅದಾಗಿದ್ದರೆ ಮೆತ್ತಗೆ, ಸಿಹಿಯಾಗಿ ಇರುತ್ತಿದ್ದರಲ್ಲ! ಇದು ಎರೆಹುಳು ಸಾಕಿದ ಅಪ್ಪ. ಅವರಿಗೇನೂ ಬೇಜಾರಿಲ್ಲ. ‘ಎರೆಯ ಅಂದ್ರೆ ಹಳಗನ್ನಡದಲ್ಲಿ ಒಡೆಯ ಕಣೇ. ಗಂಗರಲ್ಲಿ ಎರೆಯಪ್ಪ ಅಂತ ರಾಜನೇ ಇದ್ದ. ಬೇಗೂರಿನ ವೀರಗಲ್ಲಿನಲ್ಲಿ ಅವನ ಹೆಸರಿದೆ’ ಅಂತ ಎದೆ ಉಬ್ಬಿಸುತ್ತಾರೆ. ಇರಲಿ ಬಿಡಿ. ಆ ರಾಜನಿಗೆ ಆನೆ, ಕುದುರೆ ಇದ್ದವು. ನಮ್ಮ ರಾಜರ ಸೈನ್ಯವೆಲ್ಲ ಸೇರಿ ತೂಗಿದರೆ ಅರ್ಧ ಕೆಜಿ.

ಮೈಸೂರಿನವರಾದ ನಮಗೆ ಕಸದ ವಿಷಯದಲ್ಲಿ ಕೊಂಚ ಜಂಬ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ಊರುಗಳ ಪೈಕಿ ನಮ್ಮೂರೇ ಮೊದಲು ಬಂತಲ್ಲ, ಆ ಅಂಕಪಟ್ಟಿಯನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತೇವೆ. ಬೆಳಗ್ಗೆ ಕಸದ ಗಾಡಿಯ ಸೀಟಿ ಕೇಳಿತೋ, ಹಸಿ ಕಸದ ಬಕೆಟ್ ಒಂದು ಕೈಲಿ, ಒಣ ಕಸದ ಚೀಲ ಇನ್ನೊಂದು ಕೈಲಿ. ಇವರು ಬ್ಯಾಂಕಿಗೆ ಹೋಗುವಷ್ಟು ಕಾಲ ಅದು ನನ್ನ ಖಾತೆ. ನಿವೃತ್ತಿಯಾದ ಮಾರನೇ ದಿನ ಅವರ ಖಾತೆಗೆ ವರ್ಗ ಮಾಡಿದೆ. ಬ್ಯಾಂಕಿನವರ ಬುದ್ಧಿ ಎಲ್ಲಿಗೆ ಹೋಗುತ್ತದೆ? ಕೊಡುವ ಮುಂಚೆ ತೂಗಿದರು. ವಾರವಿಡೀ ತೂಗಿ, ಲೆಡ್ಜರಿನಲ್ಲಿ ಬರೆದು, ಕೂಡಿ, ಭಾಗಿಸಿ, ‘ಮೂರು ಜನಕ್ಕೆ ದಿನಕ್ಕೆ ಮುಕ್ಕಾಲು ಕೆಜಿ ಸಿಪ್ಪೆ! ಇಷ್ಟು ವರ್ಷ ಇದನ್ನ ಪುಕ್ಕಟೆ ಕೊಟ್ಟುಬಿಟ್ಟಿದ್ದೀಯಲ್ಲೇ?’ ಅಂದರು. ನಾನೇನೋ ತವರಿನ ಬಂಗಾರ ಗಾಡಿಗೆ ಸುರಿದ ಹಾಗೆ.

ಅಲ್ಲಿಂದ ಶುರುವಾಯಿತು ಹುಳುವಿಗೆ ಮನೆ ಹುಡುಕುವ ಕೆಲಸ. ಮಗಳಿಗೆ ಗಂಡು ನೋಡುವಾಗ ಈ ಮನುಷ್ಯ ಕೇಳಿದ್ದು ಎರಡೇ ಪ್ರಶ್ನೆ: ಕೆಲಸ ಪರ್ಮನೆಂಟಾ, ಸಾಲ ಇದೆಯಾ. ಹುಳುವಿನ ಡಬ್ಬಿಗೆ ಮೂರು ವಾರ ವಿಚಾರಣೆ ನಡೆಯಿತು.

ಮೊದಲು ನರ್ಸರಿಯವರು ತೋರಿಸಿದ್ದು ರೈತರು ಬಳಸುವ ದಪ್ಪ ಪ್ಲಾಸ್ಟಿಕ್ಕಿನ ಬೆಡ್ಡು. 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರ, ಸುತ್ತ ಗೂಟ ನೆಟ್ಟು ಕಟ್ಟುವ ದೊಡ್ಡ ಚೀಲ. ‘ಟೆರೇಸಲ್ಲಿ ಹಿಡಿಸುತ್ತೆ’ ಅಂದರು ಇವರು. ‘ಹಿಡಿಸುತ್ತೆ. ಅದರೊಳಗೆ ನೀವೂ ಹಿಡಿಸ್ತೀರ, ಅಲ್ಲೇ ಮಲಗಿಬಿಡಿ’ ಅಂದೆ. ಅದನ್ನು ತುಂಬಲು ಟ್ರಾಕ್ಟರ್ ಲೆಕ್ಕದಲ್ಲಿ ಸಗಣಿ ಬೇಕು. ಕೊಟ್ಟಿಗೆಯಲ್ಲಿ ನಾಲ್ಕು ದನ ಕಟ್ಟಿದವರಿಗೆ ಅದು ಸರಿ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವವರಿಗಲ್ಲ. ಆಮೇಲೆ ಕಣ್ಣು ಬಿದ್ದದ್ದು ನೀಲಿ ಡ್ರಮ್ಮಿನ ಮೇಲೆ. ಅಗ್ಗ, ಗಟ್ಟಿ, ತೂತು ಕೊರೆದರೆ ಆಯಿತು. ಆದರೆ ಗೊಬ್ಬರದ ಹುಳುಗಳು ಮೇಲಿನ ಒಂದಡಿಯೊಳಗೇ ಸಂಸಾರ ಮಾಡುವಂಥವು. ಮೂರಡಿ ಡ್ರಮ್ಮಿನ ತಳದಲ್ಲಿ ಗಾಳಿಯಿಲ್ಲದೆ ಕಸ ಕೊಳೆತು ನಾರುತ್ತದೆ, ಹುಳು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಸಿಮೆಂಟಿನ ತೊಟ್ಟಿ ಕಟ್ಟಿಸುವ ಮಾತೂ ಬಂತು. ಕೆಳಗಿನ ಮನೆಯ ಬಾಡಿಗೆದಾರರು ತಮ್ಮ ಸೂರನ್ನೊಮ್ಮೆ ಇವರ ಮುಖವನ್ನೊಮ್ಮೆ ನೋಡಿದರು. ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು. ‘ಅಪ್ಪಾ, ನೀನು ಓಡಾಡಬೇಡ, ನಾನು ಆರ್ಡರ್ ಮಾಡ್ತೀನಿ.’ ಮೂರನೇ ದಿನಕ್ಕೆ ಬಾಗಿಲಿಗೆ ಬಂದದ್ದು ಮೂರು ಅಂತಸ್ತಿನ ಪ್ಲಾಸ್ಟಿಕ್ ಮಹಲು. ನೋಡಲು ನಮ್ಮ ಊಟದ ಕ್ಯಾರಿಯರ್ರಿನ ದೊಡ್ಡಣ್ಣ. ಒಂದರ ಮೇಲೊಂದು ತಟ್ಟೆ, ತಟ್ಟೆಯ ತಳಕ್ಕೆಲ್ಲ ತೂತು, ಎಲ್ಲಕ್ಕಿಂತ ಕೆಳಗೆ ನೀರಿಳಿಯುವ ತೊಟ್ಟಿ, ಅದಕ್ಕೊಂದು ನಲ್ಲಿ. ಕೆಳಗಿನ ತಟ್ಟೆಯಲ್ಲಿ ಹಾಸು ಹಾಸಿ ಹುಳು ಬಿಡಬೇಕು, ಅದು ತುಂಬಿದ ಮೇಲೆ ಮೇಲಿನ ತಟ್ಟೆ ಇಟ್ಟು ಅಲ್ಲಿ ಊಟ ಹಾಕಬೇಕು. ಹುಳುಗಳು ಊಟದ ವಾಸನೆ ಹಿಡಿದು ತೂತುಗಳಲ್ಲಿ ಹತ್ತಿ ಮೇಲಿನ ಮಹಡಿಗೆ ಬಿಡಾರ ಬದಲಾಯಿಸುತ್ತವೆ, ಕೆಳಗಿನ ಮನೆ ಗೊಬ್ಬರವಾಗಿ ಖಾಲಿ ಬೀಳುತ್ತದೆ. ‘ಬಾಡಿಗೆದಾರರೂ ಹೀಗೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು!’ ಅಂತ ನಿಟ್ಟುಸಿರು ಬಿಟ್ಟರು ನಮ್ಮನೆಯವರು. ಬೆಲೆ ಕೇಳಬೇಡಿ. ಅಷ್ಟು ದುಡ್ಡಿಗೆ ಎರಡು ವರ್ಷಕ್ಕಾಗುವಷ್ಟು ಗೊಬ್ಬರದ ಮೂಟೆ ಬರುತ್ತಿತ್ತು.

ಹೊಟ್ಟೆಯ ಅಳತೆ ನೋಡದೆ ಎಲೆ ಹಾಕಿದ ಹಾಗಾಯಿತು ಅಂತ ಗೊತ್ತಾದದ್ದು ಆಮೇಲೆ. ಅಮೆರಿಕದ ಮಿಶಿಗನ್ನಿನಲ್ಲಿ ಮೇರಿ ಆಪಲ್‌ಹಾಫ್ ಅಂತ ಒಬ್ಬ ಮೇಡಂ ಇದ್ದರು. ಮನೆಯೊಳಗೆ ಹುಳು ಸಾಕಿ ಕಸ ಕರಗಿಸುವುದು ಹೇಗೆಂದು 1982ರಲ್ಲೇ ಪುಸ್ತಕ ಬರೆದವರು. ಅವರ ಲೆಕ್ಕ ಸರಳ: ವಾರಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ, ಕಸಕ್ಕೆ ಒಂದು ಚದರ ಅಡಿ ಜಾಗ. ಆಳ ಅಲ್ಲ, ಅಗಲ. ಲೆಡ್ಜರ್ ಮತ್ತೆ ಹೊರಬಂತು. ನಮ್ಮ ಮುಕ್ಕಾಲು ಕೆಜಿಯನ್ನು ಏಳರಿಂದ ಗುಣಿಸಿ, ಪೌಂಡಿಗೆ ತಿರುಗಿಸಿದರೆ ಹತ್ತಿರ ಹತ್ತಿರ ಹನ್ನೆರಡು ಚದರ ಅಡಿ ಬೇಕು. ಮಗಳು ಕಳಿಸಿದ ಮಹಲಿನ ಒಂದು ತಟ್ಟೆ ಒಂದೂವರೆ ಚದರ ಅಡಿ. ‘ಹಾಗಾದ್ರೆ ಇಂಥವು ಎಂಟು ಬೇಕು’ ಅಂದರು ಇವರು, ಗಂಭೀರವಾಗಿ. ನಾನು ಒಲೆಯ ಕಡೆ ತಿರುಗಿದೆ. ಎರಡು ಟೊಮೆಟೊ, ನಾಲ್ಕು ಎಲೆ ಕೋಸಿನಲ್ಲಿ ಊಟ ಮುಗಿಸುವ ಮನೆಗೆ ಆ ಡಬ್ಬಿ ಧಾರಾಳ. ನಮ್ಮಲ್ಲಿ ಒಂದು ದಿನದ ಬಾಳೆದಿಂಡಿನ ಪಲ್ಯಕ್ಕೇ ಒಂದು ತಟ್ಟೆ ಭರ್ತಿ. ಇನ್ನು ಸೊಪ್ಪು ಬಿಡಿಸಿದ ದಿನವನ್ನಂತೂ ಕೇಳಬೇಡಿ.

ಡಬ್ಬಿ ಬಂತು, ಹುಳು ಬರಬೇಕಲ್ಲ. ನಮ್ಮತ್ತೆ, ಎಂಬತ್ತೆರಡು ವರ್ಷ, ಜಪಮಣಿ ಎಣಿಸುತ್ತಲೇ ಸಲಹೆ ಕೊಟ್ಟರು: ‘ಮಳೆ ಬಂದಾಗ ಹಿತ್ತಲಲ್ಲಿ ರಾಶಿ ಬರುತ್ತಲ್ಲೋ, ಅವನ್ನೇ ಹಿಡಿದು ಹಾಕು. ದುಡ್ಡು ಯಾಕೆ ಕೊಡ್ತೀಯ?’ ಕೇಳಲು ಸರಿಯೇ. ಆದರೆ ಎರೆಹುಳುಗಳಲ್ಲೂ ಒಕ್ಕಲುಗಳು ಬೇರೆ ಬೇರೆ. ಹೊಲ, ಹಿತ್ತಲಿನವು ಮಣ್ಣನ್ನೇ ತಿಂದು ಬಿಲ ತೋಡುವ ಜಾತಿ. ಡಬ್ಬಿಗೆ ಹಾಕಿದರೆ ಅವು ಮಣ್ಣು ಹುಡುಕಿಕೊಂಡು ಸಾಯುತ್ತವೆ. ಕಸ ತಿನ್ನುವುದು ತರಗೆಲೆಯಡಿ, ಸಗಣಿಯಡಿ ಬದುಕುವ ಮೇಲ್ಪದರದ ಹುಳುಗಳು. ಅವುಗಳಲ್ಲಿ ನಮ್ಮ ಕಡೆ ಸಿಗುವವು ಮುಖ್ಯವಾಗಿ ಮೂರು. ಕೆಂಪಗೆ, ಪಟ್ಟೆ ಪಟ್ಟೆಯಾಗಿರುವ ಐಸೀನಿಯಾ ಫೆಟಿಡಾ. ಫೆಟಿಡಾ ಅಂದರೆ ಲ್ಯಾಟಿನ್ನಿನಲ್ಲಿ ನಾತದ್ದು ಅಂತ. ಒರಟಾಗಿ ಮುಟ್ಟಿದರೆ ಘಾಟು ವಾಸನೆಯ ರಸ ಬಿಡುತ್ತದಂತೆ. ಎರಡನೆಯದು ಆಫ್ರಿಕದಿಂದ ಬಂದ ಯೂಡ್ರಿಲಸ್ ಯೂಜಿನಿಯೆ, ಉದ್ದ, ದಪ್ಪ, ಹೊಟ್ಟೆಬಾಕ. ಮೂರನೆಯದು ಪೆರಿಯೋನಿಕ್ಸ್ ಎಕ್ಸ್‌ಕವೇಟಸ್, ನಮ್ಮ ನೆಲದ್ದೇ. ಮಳೆ ಮೋಡ ಕಂಡರೆ ಇದಕ್ಕೆ ಊರು ಬಿಡುವ ಚಪಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎರೆಹುಳುವಿನ ಮೇಲೆ ಬಹಳ ಕೆಲಸ ಮಾಡಿದ ರಾಧಾ ಕಾಳೆ ಅವರು ತಮ್ಮ ಪುಸ್ತಕದ ಹೆಸರಿನಲ್ಲೇ ಎರೆಹುಳುವನ್ನು ಸಾವಯವ ಕೃಷಿಯ ಸಿಂಡ್ರೆಲಾ ಅಂದಿದ್ದಾರೆ. ಇದನ್ನು ಕೇಳಿದ ಮೇಲೆ ಇವರಿಗೆ ತಾವೇ ರಾಜಕುಮಾರ ಅನ್ನಿಸಿರಬೇಕು; ಒಂದು ಮಧ್ಯಾಹ್ನ ಸ್ಕೂಟರ್ ಹತ್ತಿ ಹೋಗಿ ಅರ್ಧ ಕೆಜಿ ಕೆಂಪು ಹುಳು ತಂದರು.

ಯಾವುದರಲ್ಲಿ ತಂದರು ಅಂತ ಕೇಳಿ. ಗೋಕುಲಾಷ್ಟಮಿಗೆ ನಾನು ಚಕ್ಕುಲಿ ತುಂಬಿಡುವ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ! ನನ್ನ ಹೆಸರು ಕೊರೆಸಿದ್ದು, ನಮ್ಮಮ್ಮ ಕೊಟ್ಟದ್ದು. ‘ಗಾಳಿಯಾಡಲಿ ಅಂತ ಮುಚ್ಚಳಕ್ಕೆ ನಾಲ್ಕೇ ನಾಲ್ಕು ತೂತು ಹೊಡೆದೆ’ ಅಂತ ಸಮಾಧಾನ ಬೇರೆ. ಆ ದಿನ ನಮ್ಮನೆಯಲ್ಲಿ ಏನೇನು ನಡೆಯಿತು ಅನ್ನುವುದು ಇಲ್ಲಿ ಬೇಡ.

ಮಹಲನ್ನು ಇಟ್ಟದ್ದು ಅಡುಗೆಮನೆಯ ಹಿಂದೆ, ಬಟ್ಟೆ ಒಗೆಯುವ ಮಿಷನ್ನಿನ ಪಕ್ಕ. ತೆಂಗಿನ ನಾರು, ಹರಿದ ಪೇಪರು, ಹಳೇ ಸಗಣಿ ಸೇರಿಸಿ ಹಾಸು ಮಾಡಿದರು. ಸಗಣಿ ಹಳೆಯದೇ ಆಗಬೇಕು, ಹೊಸತಾದರೆ ಕಾವೇರಿ ಹುಳು ಬೇಯುತ್ತದೆ. ತೇವದ ಹದವನ್ನು ನಾನೇ ಹೇಳಿಕೊಟ್ಟೆ, ಅದು ನಮ್ಮ ತಂಬಿಟ್ಟಿನ ಹದ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಹುಳುವಿಗೆ ಮೂಗಿಲ್ಲ, ಶ್ವಾಸಕೋಶವಿಲ್ಲ, ಚರ್ಮದಲ್ಲೇ ಉಸಿರಾಟ. ಚರ್ಮ ಒಣಗಿದರೂ ಕಷ್ಟ, ನೀರಲ್ಲಿ ಮುಳುಗಿದರೂ ಕಷ್ಟ. ಪೇಪರು ಹರಿಯುವಾಗ ಒಂದು ಸ್ವಾರಸ್ಯ ನೋಡಿದೆ. ಮಾಮೂಲು ಹಾಳೆಯ ಸಂಪಾದಕೀಯ, ಮಾರುಕಟ್ಟೆ ಧಾರಣೆ, ರಾಶಿಫಲ ಎಲ್ಲ ಹುಳುಗಳಿಗೆ ಆಗುತ್ತದೆ. ಮಿರಿಮಿರಿ ಮಿಂಚುವ ಪುರವಣಿಯನ್ನು ಮಾತ್ರ ಹಾಕಬಾರದು. ಓದುಗರಲ್ಲಿ ಇಷ್ಟು ವಿವೇಕ ನಾನು ಕಂಡಿಲ್ಲ.

ಮಾರನೇ ದಿನ ಬೆಳಗಿನ ಜಾವ ಅತ್ತೆ ಮಡಿಯುಟ್ಟು ಬಾಗಿಲು ತೆಗೆದರೆ ನೆಲದ ತುಂಬ ಕೆಂಪು ದಾರ ಹರಡಿದ ಹಾಗೆ ಹುಳು. ‘ಭೂನಾಗ! ಭೂನಾಗ!’ ಅಂತ ಅವರು ಕೂಗಿದ್ದಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದು ಬಂದರು. ಹೊಸ ಮನೆಗೆ ಬಂದ ಹುಳುಗಳು ಮೊದಲ ಒಂದೆರಡು ರಾತ್ರಿ ಹೀಗೆ ಅಲೆಯುವುದು ಉಂಟಂತೆ. ಅವಕ್ಕೆ ಕಣ್ಣಿಲ್ಲ, ಆದರೆ ಬೆಳಕು ತಡೆಯುವುದಿಲ್ಲ. ತಲೆಯ ಮೇಲೊಂದು ದೀಪ ಹಾಕಿಟ್ಟರೆ ಒಳಗೇ ಇರುತ್ತವೆ. ಆ ರಾತ್ರಿ ದೀಪ ಹಾಕಿದೆವು, ತೆಪ್ಪಗಿದ್ದವು. ಮೂರನೇ ದಿನ ಮಧ್ಯಾಹ್ನ, ಹಾಡುಹಗಲಲ್ಲೇ, ಮತ್ತೆ ಗೋಡೆ ಹತ್ತಿದವು.

ಕಾರಣ ಸಿಕ್ಕಿದ್ದು ಡಾರ್ವಿನ್ನನ ಕೃಪೆಯಿಂದ. ಮಂಗನಿಂದ ಮಾನವ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವಲ್ಲ, ಅದೇ ಡಾರ್ವಿನ್ ಸಾಯುವ ಹಿಂದಿನ ವರ್ಷ, 1881ರಲ್ಲಿ, ಕೊನೆಯದಾಗಿ ಬರೆದ ಪುಸ್ತಕ ಎರೆಹುಳುಗಳ ಮೇಲೆ. ಹುಳುವಿಗೆ ಕಿವಿ ಇದೆಯೇ ಅಂತ ನೋಡಲು ಆತ ಮನೆಮಂದಿಯನ್ನೆಲ್ಲ ಕೆಲಸಕ್ಕೆ ಹಚ್ಚಿದ್ದ. ಕುಂಡದ ಮುಂದೆ ಸೀಟಿ ಊದಿದರು, ನಾದಸ್ವರದ ದೂರದ ನೆಂಟನಂಥ ಬಸೂನ್ ಎಂಬ ವಾದ್ಯ ಊದಿದರು, ಪಿಯಾನೋ ಬಾರಿಸಿದರು. ಹುಳುಗಳು ಜಗ್ಗಲಿಲ್ಲ. ಅದೇ ಕುಂಡವನ್ನು ಪಿಯಾನೋದ ಮೇಲೇ ಇಟ್ಟು ಒಂದು ಸ್ವರ ಒತ್ತಿದಾಗ ಸರಕ್ಕನೆ ಬಿಲದೊಳಗೆ. ಹುಳುವಿಗೆ ಶಬ್ದ ಕೇಳಿಸದು, ಅದುರು ಮಾತ್ರ ಗೊತ್ತಾಗುತ್ತದೆ. ಇವರು ಇದನ್ನು ಜೋರಾಗಿ ಓದಿ ಹೇಳುತ್ತಿದ್ದಾಗಲೇ ನಮ್ಮ ಮಿಷನ್ನು ಬಟ್ಟೆ ಹಿಂಡುವ ಕೊನೆಯ ಸುತ್ತಿಗೆ ಬಂದು ಗಡಗಡ ಅಂತ ಕುಣಿಯತೊಡಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಳುಗಳ ಪಾಲಿಗೆ ದಿನಾ ಭೂಕಂಪ! ಅವತ್ತೇ ಮಹಲು ಮಹಡಿ ಮೆಟ್ಟಿಲಿನ ನೆರಳಿಗೆ ಹೋಯಿತು. ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟದ್ದು ಅತ್ತೆಯ ಉಪಾಯ. ಅವರ ಕಾಲದಲ್ಲಿ ತುಪ್ಪ, ಬೆಲ್ಲದ ಬೀರುವಿಗೆ ಹಾಗೇ ಮಾಡುತ್ತಿದ್ದರಂತೆ.

ಇಷ್ಟೆಲ್ಲ ಆದ ಮೇಲೆ ಶುರುವಾದದ್ದು ಉಪಚಾರ. ನಮ್ಮ ಮನೆತನದ ದೊಡ್ಡ ಕಾಯಿಲೆ ಅದು. ‘ಇನ್ನೊಂದೇ ಒಂದು ಹೋಳಿಗೆ, ನನ್ನಾಣೆ’ ಅಂತ ಎಲೆಯ ಮುಂದೆ ನಿಂತು ಬೀಗರನ್ನು ಆಸ್ಪತ್ರೆಗೆ ಕಳಿಸಿದ ವಂಶ. ಬೆಳಗ್ಗೆ ತಿಂಡಿಯ ಸಿಪ್ಪೆ, ಮಧ್ಯಾಹ್ನ ಹುಳಿಯ ಹೋಳಿನ ಸಿಪ್ಪೆ, ಸಂಜೆ ಹಣ್ಣಿನ ಸಿಪ್ಪೆ, ರಾತ್ರಿ ಫಿಲ್ಟರಿನ ಕಾಫಿ ಚರಟ. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ‘ತಿಂದ್ವಾ?’ ಅಂತ ಇಣುಕು. ಗಡಿಬಿಡಿಯಲ್ಲಿ ಏನು ಹಾಕಬಾರದು ಅನ್ನುವ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದರು: ಈರುಳ್ಳಿ ಬೆಳ್ಳುಳ್ಳಿ ಕೂಡದು. ಖಾರ, ಉಪ್ಪು, ಎಣ್ಣೆ ಕೂಡದು. ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆ ಕೂಡದು. ಹಾಲು, ಮೊಸರು ಕೂಡದು. ಬೇಯಿಸಿ ಒಗ್ಗರಣೆ ಹಾಕಿದ್ದು ಯಾವುದೂ ಕೂಡದು. ಅತ್ತೆ ಕನ್ನಡಕ ಏರಿಸಿ ಪೂರ್ತಿ ಓದಿದರು. ಅವರದು ಚಾತುರ್ಮಾಸ್ಯದ ಕಟ್ಟುನಿಟ್ಟು: ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. ‘ಪರವಾಗಿಲ್ಲ ಕಣೇ, ನಾನು ತಿಂಗಳು ಮಾಡೋ ವ್ರತ ಇವು ವರ್ಷವಿಡೀ ಮಾಡ್ತವೆ’ ಅಂದರು. ಅವತ್ತಿನಿಂದ ಅತ್ತೆಗೆ ಹುಳುಗಳ ಮೇಲೆ ಗೌರವ ಬಂತು. ನನ್ನ ಮೇಲೆ ಇನ್ನೂ ಬಂದಿಲ್ಲ.

ಹುಳುಗಳು ಮಡಿವಂತರೇ, ಆದರೆ ಇವರಿಗೆ ಬಡಿಸುವ ಕೈ ನಿಲ್ಲಬೇಕಲ್ಲ. ಏಪ್ರಿಲ್ ಬಂತು, ಕಲ್ಲಂಗಡಿ ಬಂತು. ಹುಳುವಿಗೆ ಕಲ್ಲಂಗಡಿ ಪ್ರಾಣ ಅಂತ ಎಲ್ಲೋ ಓದಿದ್ದೇ ತಡ, ಅರ್ಧ ಹಣ್ಣಿನ ಸಿಪ್ಪೆ ಒಂದೇ ದಿನ ಸುರಿದರು. ಅದು ಹೆಚ್ಚೂಕಡಿಮೆ ನೀರೇ. ಹುಳುವಿಗೆ ಹಲ್ಲಿಲ್ಲ. ಸೂಕ್ಷ್ಮಜೀವಿಗಳು ಮೊದಲು ಕೊಳೆಯಿಸಿ ಮೆತ್ತಗೆ ಮಾಡಿಕೊಟ್ಟದ್ದನ್ನು ಅದು ಹೀರುತ್ತದೆ, ಹಾಗಾಗಿ ಇವತ್ತು ಹಾಕಿದ್ದು ಅದರ ಬಾಯಿಗೆ ಹೋಗಲು ದಿನಗಳೇ ಬೇಕು. ಎಲ್ಲ ಅನುಕೂಲವಾಗಿದ್ದರೆ ತನ್ನ ತೂಕದ ಅರ್ಧದಷ್ಟು ದಿನಕ್ಕೆ ತಿನ್ನುತ್ತದೆ ಅನ್ನುವ ಲೆಕ್ಕವಿದೆ. ಅಂದರೆ ನಮ್ಮ ಅರ್ಧ ಕೆಜಿ ಬಳಗಕ್ಕೆ ಕಾಲು ಕೆಜಿ, ಅದೂ ಕುದುರಿಕೊಂಡ ಮೇಲೆ. ಇವರು ಹಾಕುತ್ತಿದ್ದದ್ದು ಮುಕ್ಕಾಲು. ಮೊದಲು ಹಣ್ಣಿನ ನೊಣ ಎದ್ದವು. ಆಮೇಲೆ ಹುಳಿ ನಾತ. ಆಮೇಲೆ ಕಸವೇ ಬಿಸಿಯಾಯಿತು, ಹೊರಗಿನ ಬಿಸಿಲು ಬೇರೆ ಮೂವತ್ತೈದು ದಾಟಿತ್ತು. ಈ ಹುಳುಗಳಿಗೆ ಹದಿನೈದರಿಂದ ಇಪ್ಪತ್ತೈದು ಡಿಗ್ರಿ ಹಿತ, ಮೂವತ್ತೈದರ ಮೇಲೆ ಜೀವಕ್ಕೇ ಸಂಚಕಾರ. ಒಂದು ದಿನ ಮುಚ್ಚಳ ತೆಗೆದರೆ ಉಳಿದವೆಲ್ಲ ಮುಚ್ಚಳದ ಒಳಮೈಗೆ ಅಂಟಿಕೊಂಡು ನೇತಾಡುತ್ತಿದ್ದವು, ಕೊನೇ ಬಸ್ಸಿಗೆ ಜೋತುಬಿದ್ದವರ ಹಾಗೆ.

ಆ ವಾರದಲ್ಲೇ ಇನ್ನೊಂದು ಅನಾಹುತ. ನಲ್ಲಿಯಿಂದ ಇಳಿದ ಕಪ್ಪು ಕಷಾಯವನ್ನು ಎರೆಜಲ ಅಂದುಕೊಂಡು, ಪಕ್ಕದ ಮನೆಯ ಕರಿಬೇವಿನ ಗಿಡಕ್ಕೆ ಒಂದು ಚೊಂಬು ಹಾಗೇ ಹೊಯ್ದು ಬಂದರು, ಮತ್ತದೇ ಉಪಚಾರ. ಒಳ್ಳೆಯ ಗೊಬ್ಬರದ ಮೂಲಕ ಶುದ್ಧ ನೀರು ಇಳಿಸಿ ತೆಗೆಯುವ ಎರೆಜಲ ಬೇರೆ. ಅರ್ಧಂಬರ್ಧ ಕೊಳೆತ ಕಸದಿಂದ ಸೋರಿದ ನೀರು ಬೇರೆ, ಅದನ್ನು ಹತ್ತು ಪಟ್ಟು ನೀರು ಬೆರೆಸದೆ ಬೇರಿಗೆ ಹಾಕಲೇಬಾರದು. ವಾರದೊಳಗೆ ಗಿಡದ ಎಲೆ ಉದುರಿತು. ಆ ಮನೆಯಾಕೆ ಇವತ್ತಿಗೂ ನಾನು ಕರಿಬೇವು ಕೇಳಿದರೆ ‘ಎರೆಯಪ್ಪನವರನ್ನೇ ಕೇಳ್ರೀ’ ಅನ್ನುತ್ತಾರೆ. ಹೆಸರು ಹುಟ್ಟಿದ್ದು ಹೀಗೆ.

ಸತ್ತವು ಸತ್ತವು. ಇದ್ದವನ್ನು ಉಳಿಸಿಕೊಳ್ಳಲು ಕೊಳೆತದ್ದನ್ನು ತೆಗೆದು, ಒಣ ತರಗು, ಹರಿದ ಪೇಪರು ತುಂಬಿ, ನೊಣಕ್ಕೆ ಮೇಲೊಂದು ದಪ್ಪ ಹಾಸು ಮುಚ್ಚಿದೆವು. ಇವರು ನೊಂದು ಹೋಗಿದ್ದರು. ನೊಂದವರು ಸುಮ್ಮನಿರಬೇಕೋ ಬೇಡವೋ? ‘ಪಾಪ, ಸುಸ್ತಾಗಿವೆ’ ಅಂತ ಕದ್ದು ಮುಚ್ಚಿ ಬಾಳೆಹಣ್ಣು ಹಾಕುತ್ತಲೇ ಇದ್ದರು. ಮೇ, ಜೂನ್ ಹೀಗೇ ಸಾವು ಬದುಕಿನ ನಡುವೆ ಸಾಗಿತು.

ಅಷ್ಟರಲ್ಲಿ ಆಷಾಢ ಏಕಾದಶಿ ಬಂತು, ಅತ್ತೆಯ ಶಾಕವ್ರತ ಶುರು. ಇಬ್ಬರಿಗೆ ಬೇರೆ, ಒಬ್ಬರಿಗೆ ಬೇರೆ ಅಂತ ಎರಡು ಅಡುಗೆ ಮಾಡುವ ಶಕ್ತಿ ನನಗಿಲ್ಲ. ಹಾಗಾಗಿ ಆ ತಿಂಗಳು ಮನೆಗೆಲ್ಲ ಒಂದೇ ವ್ರತ: ಹೆಸರುಬೇಳೆ, ಮೆಣಸಿನ ಸಾರು, ಮೊಸರು. ತರಕಾರಿ ಬುಟ್ಟಿ ಖಾಲಿ, ಸೊಪ್ಪಿನವಳು ಬಾಗಿಲಿಗೆ ಬಂದು ವಾಪಸ್. ಸಿಪ್ಪೆ ಎಲ್ಲಿಂದ ಬರಬೇಕು? ‘ಹುಳುಗಳ ಗತಿ ಏನೇ?’ ಅಂತ ಇವರು ಮೂರು ದಿನ ಊಟ ಬಿಟ್ಟವರ ಹಾಗೆ ಕೂತರು. ಕಾಫಿ ಚರಟ ಒಂದನ್ನು ಬಿಟ್ಟರೆ ಹಾಕಲು ಏನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಸಿಪ್ಪೆ ಕೇಳಲು ಮುಖವಿರಲಿಲ್ಲ, ಕರಿಬೇವಿನ ಋಣ ಇತ್ತಲ್ಲ.

ಶ್ರಾವಣದಲ್ಲಿ ನಾಗರಪಂಚಮಿ. ಅತ್ತೆ ಹುತ್ತಕ್ಕೆ ತನಿ ಎರೆದು ಬಂದು, ಮೆಟ್ಟಿಲ ಕೆಳಗೆ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಮಗನನ್ನು ನೋಡಿ ಅಂದರು: ‘ಅಷ್ಟು ದೊಡ್ಡ ನಾಗಪ್ಪನಿಗೆ ವರ್ಷಕ್ಕೊಂದು ದಿನ ಎರೆದರೆ ಸಾಕು ಕಣೋ. ನೀನು ಈ ಭೂನಾಗಪ್ಪನಿಗೆ ದಿನಕ್ಕೆ ನಾಲ್ಕು ಸಲ ಎರೀತೀಯ. ಸಾಯದೆ ಏನು ಮಾಡುತ್ತೆ?’

ಇವರು ಮೆಲ್ಲಗೆ ಮುಚ್ಚಳ ತೆಗೆದರು. ನಾತವಿಲ್ಲ. ನೊಣವಿಲ್ಲ. ಪೇಪರಿನ ಚೂರುಗಳು ಕಾಣೆಯಾಗಿ ಅಲ್ಲೆಲ್ಲ ಕಪ್ಪಗೆ ಹುಡಿಹುಡಿ, ಒಳ್ಳೆ ಹುರಿದು ಪುಡಿ ಮಾಡಿದ ಕಾಫಿಯ ಹಾಗೆ. ಸಾಸಿವೆಗಿಂತ ಕೊಂಚ ದಪ್ಪಗೆ, ಪುಟ್ಟ ನಿಂಬೆಹಣ್ಣಿನ ಆಕಾರದ ಹಳದಿ ಮೊಟ್ಟೆಗೂಡುಗಳು. ಒಂದೊಂದರಲ್ಲಿ ಎರಡೋ ಮೂರೋ ಮರಿ, ಒಡೆಯಲು ಮೂರು ವಾರದ ಮೇಲೆ. ಆಗಲೇ ಒಡೆದು ಬಂದವು ಶಾವಿಗೆ ಎಳೆಯಂತೆ ಬೆಳ್ಳಗೆ ಹರಿದಾಡುತ್ತಿದ್ದವು. ಒಂದೇ ಹುಳುವಿನಲ್ಲಿ ಗಂಡೂ ಹೆಣ್ಣೂ ಇರುತ್ತದೆ ಅಂತ ಇವರು ಹೇಳಿದಾಗ ಅತ್ತೆ ‘ಅರ್ಧನಾರೀಶ್ವರ’ ಅಂತ ಕೈ ಮುಗಿದರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಮೂವತ್ತೆರಡು ವರ್ಷದಲ್ಲಿ ನಾನು ಹೇಳಿ ಹೇಳಿ ಸಾಕಾದ ಮಾತೊಂದನ್ನು, ‘ಸುಮ್ಮನೆ ಬಿಡ್ರೀ, ತಾನಾಗೇ ಆಗುತ್ತೆ’ ಅನ್ನುವುದನ್ನು, ಈ ಕಿವಿಯಿಲ್ಲದ ಹುಳುಗಳು ಒಂದೇ ತಿಂಗಳಲ್ಲಿ ಇವರಿಗೆ ಕೇಳಿಸಿದವಲ್ಲ!

ಆಮೇಲಿನದು ಹೆಚ್ಚಿಲ್ಲ. ಮೂರಂತಸ್ತಿನ ಮಹಲು ಈಗ ದೊಡ್ಡಪತ್ರೆ ಕುಂಡಗಳ ಸ್ಟ್ಯಾಂಡು. ಹುಳುಗಳು ಎರಡು ಹಳೇ ಪ್ಲಾಸ್ಟಿಕ್ ಟಬ್ಬುಗಳಲ್ಲಿವೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಎತ್ತರ ಒಂದಡಿ. ತಳದಲ್ಲಿ, ಮೇಲಂಚಿನಲ್ಲಿ ತೂತು, ಮೇಲೆ ಗೋಣಿಚೀಲ. ಬಿಸಿಲುಗಾಲದಲ್ಲಿ ಆ ಗೋಣಿಗೆ ನೀರು ಚಿಮುಕಿಸಿದರೆ ಒಳಗೆ ತಂಪು. ನಾಲ್ಕು ದಿನಕ್ಕೊಮ್ಮೆ, ಹಿಂದಿನದು ಕರಗಿದ್ದರೆ ಮಾತ್ರ, ಒಂದು ಮೂಲೆಯಲ್ಲಿ ಹೂತು ಮುಚ್ಚುವುದು. ಮುಂದಿನ ಸಲ ಇನ್ನೊಂದು ಮೂಲೆ. ಮನೆಯ ಸಿಪ್ಪೆಯೆಲ್ಲ ಅದಕ್ಕೆ ಹಿಡಿಸುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಗಾಡಿಗೇ ಹೋಗುತ್ತದೆ, ಈರುಳ್ಳಿ ಸಿಪ್ಪೆ, ಹಿಂಡಿದ ನಿಂಬೆಹೋಳು ಅಂತೂ ಪೂರ್ತಿ. ಎರಡು ಟಬ್ಬು ಇಟ್ಟವರು ಊರಿನ ಕಸ ಕರಗಿಸಿದೆವು ಅಂತ ಭಾಷಣ ಮಾಡಬಾರದು.

ನವರಾತ್ರಿಗೆ ಮೊದಲ ಫಸಲು ತೆಗೆದೆವು. ಬಿಸಿಲಿನಲ್ಲಿ ಹಳೇ ಜಮಖಾನೆ ಹಾಸಿ ಗೊಬ್ಬರವನ್ನು ಬೊಂಬೆ ಹಬ್ಬದ ಬೆಟ್ಟದ ಹಾಗೆ ಗುಡ್ಡೆ ಗುಡ್ಡೆ ಮಾಡಿದರೆ, ಹುಳುಗಳು ಬೆಳಕಿಗೆ ಹೆದರಿ ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಸವರಿಕೊಳ್ಳುವುದು, ಹತ್ತು ನಿಮಿಷ ಕಾಯುವುದು, ಮತ್ತೆ ಸವರುವುದು. ಕೊನೆಗೆ ಜಮಖಾನೆಯ ಮೇಲೆ ಬರೀ ಹುಳುಗಳ ಮುದ್ದೆ ಉಳಿಯುತ್ತದೆ. ಬಂದದ್ದು ಒಂದೂವರೆ ಬಕೆಟ್ ಗೊಬ್ಬರ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಅದಕ್ಕೆ. ಒಂದು ಸೇರಿನಷ್ಟು ಪಕ್ಕದ ಮನೆಯ ಕರಿಬೇವಿಗೆ ನಾನೇ ಹೋಗಿ ಹಾಕಿ ಬಂದೆ. ಗಿಡ ಈಗ ಚಿಗುರಿದೆ, ಆಕೆ ಮಾತ್ರ ಇನ್ನೂ ಚಿಗುರಿಲ್ಲ. ಇವರು ಲೆಡ್ಜರಿನಲ್ಲಿ ಜಮೆ ಬರೆದು, ಖರ್ಚು ಕಳೆದು, ಆ ಗೊಬ್ಬರ ಕೆಜಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರು. ಅಂಕಿ ನೋಡಿದ ಮೇಲೆ ಲೆಡ್ಜರ್ ಬೀರು ಸೇರಿತು.

ಹುಳು ಈಗ ಬೇಕಾದಷ್ಟಿವೆ. ನೆಂಟರು, ವಾಕಿಂಗ್ ಗೆಳೆಯರು ಅಂತ ಆಗಲೇ ಆರು ಮನೆಗೆ ಧಾರೆ ಎರೆದು ಕೊಟ್ಟಾಗಿದೆ. ಗೊತ್ತಿದ್ದವರು ಯಾರಿಗಾದರೂ ಬೇಕಿದ್ದರೆ ಬನ್ನಿ, ಒಂದು ಹಿಡಿ ಕೊಡುತ್ತೇವೆ, ದುಡ್ಡು ಬೇಡ. ಆದರೆ ಡಬ್ಬಿ ನೀವೇ ತನ್ನಿ. ಸ್ಟೀಲಿನದಾಗಿದ್ದರೆ, ಹೆಂಡತಿಯನ್ನು ಕೇಳಿ ತನ್ನಿ.